ಮುಟ್ಟು ನಿಂತ ಮೇಲೆ ಕೆಳಗೆ ಉರಿ, ಒಣಗುವುದು. ಡಾಕ್ಟರ್ ಬರೆದ ಈಸ್ಟ್ರೋಜನ್ ಕ್ರೀಮ್ ಹಚ್ಚಬಹುದಾ?

ಹಚ್ಚಬಹುದು. ನಾನು ಹಚ್ಚುತ್ತಿದ್ದೇನೆ, ಮೂರು ವರ್ಷ ದಾಟಿತು.

ಆದರೆ ನೀವು ಕೇಳಿದ್ದು ಅಷ್ಟೇ ಅಲ್ಲವಲ್ಲ. 51 ವರ್ಷ, ಮುಟ್ಟು ನಿಂತು ಎರಡು ವರ್ಷ, ಕೆಳಗೆ ಒಣಗಿ ಉರಿ, ಗಂಡನ ಜೊತೆ ಸೇರಿದರೆ ನೋವು. ಡಾಕ್ಟರ್ ಕ್ರೀಮ್ ಬರೆದುಕೊಟ್ಟಿದ್ದಾರೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಅಂತೆಲ್ಲ ಓದಿ ನೀವು ಟ್ಯೂಬನ್ನು ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟುಬಿಟ್ಟಿದ್ದೀರಿ. ನಾನು ಡಾಕ್ಟರ್ ಅಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ನನಗೆ ಆಗಿದ್ದನ್ನು ಹೇಳುತ್ತೇನೆ, ಡಾಕ್ಟರಮ್ಮ ಬಿಡಿಸಿ ಹೇಳಿದ್ದನ್ನೂ ಹೇಳುತ್ತೇನೆ.

ನನಗೆ 47ಕ್ಕೆ ನಿಂತಿತು. ಮೈ ಬಿಸಿಯಾಗುವುದು, ನಡುರಾತ್ರಿ ಬೆವರುವುದು ಎಲ್ಲ ಒಂದೆರಡು ವರ್ಷ ಕಾಡಿ ತಣ್ಣಗಾಯಿತು. ಮುಗಿಯಿತಪ್ಪ ಅಂದುಕೊಳ್ಳುವಾಗ ಇದು ಶುರುವಾಯಿತು. ಮೊದಲು ಒಂದಕ್ಕೆ ಹೋದಾಗ ಉರಿ. ಆಮೇಲೆ ಸುಮ್ನೆ ಕೂತರೂ ಉರಿ, ತುರಿಕೆ, ಒಳಗೆ ಯಾರೋ ಉಪ್ಪುಕಾಗದ ಇಟ್ಟ ಹಾಗೆ. ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ಹೆಸರು, ಉಷ್ಣ. ಅತ್ತೆ ಕೊತ್ತಂಬರಿ ಬೀಜ ನೆನೆಹಾಕಿ ಕೊಟ್ಟರು, ನಾದಿನಿ ಬಾರ್ಲಿ ನೀರು, ಪಕ್ಕದ ಮನೆಯವರು ಮುರುಗಲು ಹಣ್ಣಿನ ಶರಬತ್ತು. ಎಲ್ಲ ಕುಡಿದೆ. ಕುಡಿದಷ್ಟೂ ಬಚ್ಚಲಿಗೆ ಓಡುವುದು ಜಾಸ್ತಿಯಾಯಿತು, ಓಡಿದಷ್ಟೂ ಉರಿ.

ಆ ವರ್ಷ ಅಡಿಕೆ ಸುಲಿಯುವಾಗ ಪಟ್ಟ ಪಾಡು ಮರೆಯುವುದಿಲ್ಲ. ಸಂಜೆ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹತ್ತರವರೆಗೆ ಏಳುವ ಹಾಗಿಲ್ಲ, ಸಾಲಾಗಿ ಏಳೆಂಟು ಜನ, ನಡುವೆ ಹಸಿ ಅಡಿಕೆ ರಾಶಿ. ನಾನು ಟವೆಲ್ ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡಿದ್ದೆ. ಆದರೂ ಒಂದು ಸಲ ಈ ಕಡೆ ವಾಲು, ಒಂದು ಸಲ ಆ ಕಡೆ. ಒಂದೇ ಸಂಜೆ ನಾಲ್ಕು ಸಲ ಎದ್ದು ಹೋದೆ. "ಏನೇ, ಹೊಸ ಬಸುರಿ ಥರ ಓಡ್ತೀಯಲ್ಲ" ಅಂದರು ಒಬ್ಬರು. ಎಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡುವುದು. ಅಲ್ಲಿದ್ದ ಹೆಂಗಸರಲ್ಲಿ ಮೂವರು ನನಗಿಂತ ದೊಡ್ಡವರು. ಅವರಲ್ಲಿ ಒಬ್ಬರಿಗಾದರೂ ಇದೇ ಇತ್ತು ಅಂತ ಗೊತ್ತಾಗಿದ್ದು ಎರಡು ವರ್ಷ ಬಿಟ್ಟು.

ಹತ್ತಿರದ ಪೇಟೆಯ ಒಂದು ಕ್ಲಿನಿಕ್ಕಿಗೆ ಆ ವರ್ಷ ಮೂರು ಸಲ ಹೋದೆ. ಮೂರು ಸಲವೂ ಉರಿಮೂತ್ರ ಅಂತ ಆಂಟಿಬಯೋಟಿಕ್. ಮೊದಲ ಸಲ ನಿಜವಾಗಿಯೂ ಸೋಂಕು ಇತ್ತು. ಮೂರನೇ ಸಲ ಮೂತ್ರದ ಕಲ್ಚರ್, ಅಂದರೆ ಕೀಟಾಣು ಬೆಳೆಯುತ್ತವಾ ಅಂತ ನೋಡುವ ಪರೀಕ್ಷೆ, ಮಾಡಿಸಿದರೆ ಏನೂ ಬೆಳೆದಿರಲಿಲ್ಲ, ಆದರೂ ಮಾತ್ರೆ ಕೊಟ್ಟರು. ಒಮ್ಮೆಯೂ ಮಂಚದ ಮೇಲೆ ಮಲಗಿಸಿ ನೋಡಲಿಲ್ಲ. ನೋಡಿ ಅಂತ ನಾನೂ ಬಾಯಿಬಿಡಲಿಲ್ಲ, ಅದೂ ನಿಜ. ನಡುವೆ ಫಂಗಸ್ ಇರಬೇಕು ಅಂತ ನಾನೇ ಮೆಡಿಕಲ್ ಶಾಪಿನಿಂದ ಒಂದು ಮುಲಾಮು ತಂದು ಹಚ್ಚಿದೆ, ಸೋಪು ಹಾಕಿ ದಿನಕ್ಕೆ ಎರಡು ಸಲ ತೊಳೆದೆ. ಇದನ್ನು ಮಾತ್ರ ನೀವು ಮಾಡಬೇಡಿ. ಮೊದಲೇ ಒಣಗಿದ ಜಾಗ, ಸೋಪು ಬಿದ್ದರೆ ಇನ್ನೂ ಒಣಗುತ್ತದೆ. ಬರೀ ನೀರು ಸಾಕು.

ಕೊನೆಗೆ ಶಿವಮೊಗ್ಗಕ್ಕೆ ಮಗಳ ಮನೆಗೆ ಹೋದಾಗ ಅವಳೇ ಎಳೆದುಕೊಂಡು ಹೋಗಿ ಸ್ತ್ರೀರೋಗದ ಡಾಕ್ಟರಮ್ಮನಿಗೆ ತೋರಿಸಿದಳು. ಅವರು ನೋಡಿದ್ದು ಎರಡು ನಿಮಿಷ. "ಇದು ಉಷ್ಣನೂ ಅಲ್ಲ, ಗಲೀಜೂ ಅಲ್ಲ. ಚರ್ಮ ತೆಳ್ಳಗಾಗಿದೆ, ಅಷ್ಟೇ" ಅಂದರು. ಆ "ಅಷ್ಟೇ" ಕೇಳಿ ನನಗೆ ಅಳು ಬಂತು.

ಅವರು ಹೇಳಿದ್ದು ಹೀಗೆ. ಯೋನಿಯ ಒಳಪದರ ದಪ್ಪಗೆ, ಮೆತ್ತಗೆ, ಒದ್ದೆಯಾಗಿ ಇರುವುದು ಈಸ್ಟ್ರೋಜನ್ ಹಾರ್ಮೋನಿನಿಂದ. ಮುಟ್ಟು ನಿಂತ ಮೇಲೆ ಅದು ತೀರಾ ಕಡಿಮೆಯಾಗುತ್ತದೆ. ಪದರ ತೆಳುವಾಗುತ್ತದೆ, ರಕ್ತ ಓಡಾಟ ಕಡಿಮೆ, ಪಸೆ ಇಲ್ಲ, ಸ್ವಲ್ಪ ತಿಕ್ಕಿದರೂ ಗೀರು ಬೀಳುತ್ತದೆ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತವಂತೆ, ಮೊಸರಿನಲ್ಲಿ ಇರುತ್ತವಲ್ಲ, ಅವುಗಳ ಕುಲದವು. ಅವು ಜಾಗವನ್ನು ಹುಳಿಯಾಗಿ ಇಡುತ್ತವೆ, ಬೇರೆ ಕೀಟಾಣು ಬರದ ಹಾಗೆ. ಪದರದಲ್ಲಿ ಅವಕ್ಕೆ ಬೇಕಾದ ಆಹಾರ ಕಮ್ಮಿಯಾದರೆ ಅವೂ ಕಮ್ಮಿಯಾಗುತ್ತವೆ, ಹುಳಿ ಹೋಗುತ್ತದೆ. ಹುಳಿ ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಹುಳಿ ಕಮ್ಮಿಯಾದಷ್ಟೂ ಅದು ಏರುತ್ತದೆ; 4.5ರ ಒಳಗೆ ಇದ್ದದ್ದು 5 ದಾಟುತ್ತದೆ. ಮೂತ್ರನಾಳಕ್ಕೂ ಇದೇ ಹಾರ್ಮೋನ್ ಬೇಕು. ಅದಕ್ಕೇ ಉರಿಮೂತ್ರ, ಪದೇಪದೇ ಅವಸರ, ಮತ್ತೆ ಮತ್ತೆ ಸೋಂಕು. ಮೊದಲು ಇದಕ್ಕೆ ಯೋನಿಯ ಅಟ್ರೋಫಿ, ಅಂದರೆ ಸೊರಗುವುದು, ಅಂತಲೇ ಹೇಳುತ್ತಿದ್ದರು. ಮೂತ್ರದ ತೊಂದರೆಯನ್ನೂ ಸೇರಿಸಿ 2014ರಲ್ಲಿ ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್ ಅಂತ ಹೊಸ ಹೆಸರಿಟ್ಟರು, ಡಾಕ್ಟರ್ ಬರೆದ ಚೀಟಿಯಲ್ಲಿ ಜಿಎಸ್‌ಎಂ ಅಂತ ಇದ್ದರೆ ಇದೇ. ಮುಟ್ಟು ನಿಂತವರಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಬರುತ್ತದಂತೆ. ಬೆವರು, ಬಿಸಿ ತಾನಾಗಿ ಇಳಿಯಬಹುದು, ಇದು ಹಾಗೆ ಇಳಿಯುವುದಿಲ್ಲ. ಬಿಟ್ಟರೆ ಜಾಸ್ತಿಯೇ ಆಗುತ್ತಾ ಹೋಗುತ್ತದೆ.

ಈಗ ನಿಮ್ಮ ಭಯದ ವಿಷಯ. ಆ ಚೀಟಿ ಓದಿ ನಾನೂ ಹತ್ತು ದಿನ ಟ್ಯೂಬ್ ಮುಟ್ಟಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಂತ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆ ನುಂಗುತ್ತಿದ್ದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು ಅಂತ 2002ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಅಲ್ಲಿಂದ ಈಸ್ಟ್ರೋಜನ್ ಇರುವ ಎಲ್ಲದಕ್ಕೂ ಒಂದೇ ಎಚ್ಚರಿಕೆ ಅಂಟಿಸಿದರು, ನುಂಗುವ ಮಾತ್ರೆಗೂ, ಬಟಾಣಿ ಕಾಳಿನಷ್ಟು ಒಳಗೆ ಹಚ್ಚುವ ಕ್ರೀಮಿಗೂ. ಹಚ್ಚಿದ್ದು ಅಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮೊದಲ ವಾರ ಪದರ ತೆಳ್ಳಗಿರುವಾಗ ಸ್ವಲ್ಪ ಜಾಸ್ತಿ ಹೀರಬಹುದು, ದಪ್ಪಗಾದ ಮೇಲೆ ಅದೂ ಇಳಿಯುತ್ತದೆ. ಅದೇ ಅಧ್ಯಯನದ ಹೆಂಗಸರಲ್ಲಿ ಯೋನಿಗೆ ಮಾತ್ರ ಹಚ್ಚುತ್ತಿದ್ದವರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸ್ತನ ಕ್ಯಾನ್ಸರಾಗಲಿ ಗರ್ಭಕೋಶದ ಕ್ಯಾನ್ಸರಾಗಲಿ ಜಾಸ್ತಿ ಆಗಿರಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದಲ್ಲಿ ಔಷಧಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಆ ದೊಡ್ಡ ಎಚ್ಚರಿಕೆಯನ್ನು ತೆಗೆಸುತ್ತೇವೆ ಅಂತ ಹೇಳಿತು. ನಿಮ್ಮ ಪೆಟ್ಟಿಗೆಯಲ್ಲಿರುವುದು ಹಳೇ ಚೀಟಿ ಅಂತಿಟ್ಟುಕೊಳ್ಳಿ.

ಆದರೆ ಎರಡು ವಿಷಯದಲ್ಲಿ ಸುಮ್ಮನಿರಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಮೊದಲು ತೋರಿಸಿ, ಸ್ಕ್ಯಾನ್ ಆಗಲಿ, ಆಮೇಲೆ ಕ್ರೀಮ್. ಒಣಗಿದ್ದಕ್ಕೇ ರಕ್ತ ಬಂತು ಅಂತ ನೀವೇ ತೀರ್ಮಾನ ಮಾಡಬೇಡಿ. ಸ್ತನ ಕ್ಯಾನ್ಸರ್ ಹಿಂದೆ ಆಗಿದ್ದರೆ, ಅಥವಾ ಅದರ ಮಾತ್ರೆ ಇನ್ನೂ ನಡೆಯುತ್ತಿದ್ದರೆ, ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬೇಡಿ.

ನನಗೆ ಬರೆದಿದ್ದು ಎಸ್ಟ್ರಿಯಾಲ್ ಕ್ರೀಮ್, ಅದೂ ಒಂದು ಬಗೆಯ ಈಸ್ಟ್ರೋಜನ್ನೇ, 15 ಗ್ರಾಂ ಟ್ಯೂಬ್. ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಅಂಗಡಿಯ ಹುಡುಗ ಚೀಟಿ ಎತ್ತಿ ಹಿಡಿದು ಜೋರಾಗಿ "ಇದು ಎಲ್ಲಿಗೆ ಹಚ್ಚೋದು ಆಂಟಿ?" ಅಂದ, ಹಿಂದೆ ನಾಲ್ಕು ಜನ. ಮಗಳು ಶಿವಮೊಗ್ಗದಿಂದ ಬಸ್ಸಿನಲ್ಲಿ ಕಳಿಸಿದಳು, ಬೀಗರ ಮನೆ ಸಿಹಿ ಅಂತ ಹೇಳಿ. ಜೊತೆಗೆ ಸಿರಿಂಜಿನ ಥರದ ಪ್ಲಾಸ್ಟಿಕ್ ಅಪ್ಲಿಕೇಟರ್ ಬರುತ್ತದೆ. ನನಗೆ ಹೇಳಿದ್ದು ಅರ್ಧ ಗ್ರಾಂ, ದಿನಾ ರಾತ್ರಿ ಮೂರು ವಾರ, ಆಮೇಲೆ ವಾರಕ್ಕೆ ಎರಡೇ ಸಲ. ನಿಮ್ಮದು ಬೇರೆ ಕ್ರೀಮಿದ್ದರೆ ಅಳತೆಯೂ ಬೇರೆ ಇರುತ್ತದೆ, ನಿಮ್ಮ ಡಾಕ್ಟರ್ ಬರೆದ ಚೀಟಿ ನೋಡಿಕೊಳ್ಳಿ.

ಮೊದಲ ರಾತ್ರಿ ಕರೆಂಟ್ ಇರಲಿಲ್ಲ, ಹೊರಗೆ ಮಳೆ. ಬಚ್ಚಲಲ್ಲಿ ಮೊಬೈಲ್ ಟಾರ್ಚ್ ಹಂಡೆ ಮೇಲೆ ಇಟ್ಟು ಟ್ಯೂಬಿನ ಬಾಯಿಗೆ ಅಪ್ಲಿಕೇಟರ್ ತಿರುಗಿಸಿ ಹಾಕಿದೆ, ಒತ್ತಿದೆ, ಗೆರೆ ದಾಟಿ ಅರ್ಧ ಟ್ಯೂಬೇ ಬಂದ ಹಾಗೆ ಅನ್ನಿಸಿತು. ನಿಧಾನಕ್ಕೆ ಒತ್ತಿ. ಮಲಗಿಕೊಂಡು ಮೊಣಕಾಲು ಮಡಚಿದರೆ ಸುಲಭ, ನಿಂತು ಮಾಡಬೇಡಿ. ನೋವಾದರೆ ತುದಿಗೆ ಸ್ವಲ್ಪ ಕ್ರೀಮ್ ಸವರಿ, ಇಲ್ಲವೇ ಬೆರಳಿನಲ್ಲೇ ಹಚ್ಚಿ. ನಾನು ಯೋನಿಯ ಬಾಯಿಯ ಹತ್ತಿರ ಹೊರಗೂ ಒಂದಿಷ್ಟು ಸವರುತ್ತೇನೆ, ಡಾಕ್ಟರಮ್ಮನನ್ನು ಕೇಳಿಯೇ. ಮೊದಲೆರಡು ದಿನ ಚುರುಚುರು ಅಂದಿತು, ಹೆದರಿ ಬಿಡಬೇಡಿ. ಅಪ್ಲಿಕೇಟರ್ ಬೆಚ್ಚಗಿನ ನೀರು, ಸೋಪಿನಲ್ಲಿ ತೊಳೆದಿಡಿ, ಕುದಿಸಬೇಡಿ.

ಮೂರು ವಾರಕ್ಕೆ ಮೂತ್ರದ ಉರಿ ಹೋಯಿತು. ಗಂಡನ ಜೊತೆ ಸೇರುವಾಗಿನ ನೋವು ಹೋಗಲು ಎರಡೂವರೆ ತಿಂಗಳು ಬೇಕಾಯಿತು. ಆಮೇಲೆ ನಾನು ಮಾಡಿದ ದೊಡ್ಡ ತಪ್ಪು ಕೇಳಿ: ಗುಣವಾಯಿತಲ್ಲ, ಸುಮ್ನೆ ಯಾಕೆ ಅಂತ ಬಿಟ್ಟುಬಿಟ್ಟೆ. ನಾಲ್ಕನೇ ತಿಂಗಳಿಗೆ ಮೊದಲಿನ ಹಾಗೇ. ಶುರುವಿನಿಂದ ಮತ್ತೆ ಮೂರು ವಾರ. ಇದು ಜ್ವರದ ಮಾತ್ರೆ ಥರ ಅಲ್ಲ, ಚಳಿಗಾಲದಲ್ಲಿ ಹಿಮ್ಮಡಿಗೆ ಎಣ್ಣೆ ಹಚ್ಚುವ ಥರ. ಬಿಟ್ಟರೆ ಒಡೆಯುತ್ತದೆ. ಈಗ ಬುಧವಾರ, ಭಾನುವಾರ. ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುತ್ತೇನೆ, ಮನೆಯವರು ಹಾಲಿನ ಲೆಕ್ಕ ಅಂದುಕೊಂಡಿದ್ದರು. ವಾರಕ್ಕೆ ಎರಡು ಸಲ ಅಂದರೆ ಒಂದು ಟ್ಯೂಬ್ ಮೂರು ತಿಂಗಳು ದಾಟುತ್ತದೆ. ಡಾಕ್ಟರಿಗೆ ವರ್ಷಕ್ಕೊಮ್ಮೆ ತೋರಿಸಿ ಬರುತ್ತೇನೆ.

ಗಂಡನ ವಿಷಯ ಕೇಳಿದ್ದೀರಿ. ಕ್ರೀಮ್ ಹಚ್ಚಿದ ಕೂಡಲೇ ಸೇರಬೇಡಿ, ಅದು ಜಾರಿಕೆಗೆ ಇರುವುದಲ್ಲ, ಅವರ ಮೈಗೂ ಹಾರ್ಮೋನ್ ಅಂಟುತ್ತದೆ. ಜಾರಿಕೆಗೆ ನೀರಿನ ಜೆಲ್ ಬೇರೆ ಸಿಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ, ಕಾಂಡೋಮ್ ಬಳಸುತ್ತಿದ್ದರೆ ಎಣ್ಣೆ ಬೇಡ, ಹರಿಯುತ್ತದೆ. ಮತ್ತೆ ಅವರಿಗೆ ಬಾಯಿಬಿಟ್ಟು ಹೇಳಿ. ನನ್ನವರು ಎರಡು ವರ್ಷ ನನಗೆ ಅವರ ಮೇಲೆ ಸಿಟ್ಟು ಅಂದುಕೊಂಡಿದ್ದರಂತೆ, ಪಾಪ.

ಹಾರ್ಮೋನ್ ಬೇಡವೇ ಬೇಡ ಅನ್ನಿಸಿದರೆ ಪಸೆ ಹಿಡಿದಿಡುವ ಹಯಲುರಾನಿಕ್ ಆಸಿಡ್ ಇರುವ ಜೆಲ್‌ಗಳಿವೆ. ಒಣಗಿದ್ದಕ್ಕೆ ತಕ್ಕಮಟ್ಟಿಗೆ ಆಗುತ್ತದೆ. ಪದೇಪದೇ ಉರಿಮೂತ್ರ ಬರುವವರಿಗೆ ಈಸ್ಟ್ರೋಜನ್ನೇ ಮೇಲು ಅಂತ ಡಾಕ್ಟರಮ್ಮ ಹೇಳಿದ್ದು, ನನ್ನ ಅನುಭವವೂ ಅದೇ.

ಬೀರುವಿನಿಂದ ಟ್ಯೂಬ್ ತೆಗೆದಾಗ ಮೊದಲು ಎಕ್ಸ್‌ಪೈರಿ ತಾರೀಕು ನೋಡಿ. ಎಷ್ಟು ತಿಂಗಳಿಂದ ಸೀರೆ ಕೆಳಗಿದೆ ಅಂತ ನೀವು ಬರೆದಿಲ್ಲ.