ಓದುಗರ ಪ್ರಶ್ನೆ: ದಡಕ್ಕೆ ಎಳೆದ ದೋಣಿ, ಬಿಚ್ಚಬೇಕಾದ ಶಾಫ್ಟ್

ಪ್ರಶ್ನೆ: ನಮ್ಮದು 30 ಅಡಿಯ ಫೈಬರ್ ಹಾಯಿದೋಣಿ. ಗಾಳಿ ಬಿದ್ದಾಗಲೂ ಅಳಿವೆ ದಾಟುವಾಗಲೂ ಓಡಿಸಲು ಸಣ್ಣ ಡೀಸೆಲ್ ಇಂಜಿನ್ ಇದೆ, ಅದರಿಂದ ಫ್ಯಾನಿಗೆ (ಪ್ರೊಪೆಲ್ಲರ್) ಹೋಗುವುದು 25 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್. ಮಳೆಗಾಲಕ್ಕೆ ಮೇಲೆ ಎಳೆದಿದ್ದೇವೆ. ಈ ಸಲ ಇಂಜಿನ್ ವೇಗ ಏರಿಸಿದಾಗಲೆಲ್ಲ ಹಿಂಭಾಗ ನಡುಗುತ್ತಿತ್ತು. ಫ್ಯಾನಿನ ಎಲೆಗಳು ನೆಟ್ಟಗೇ ಇವೆ. ಶಾಫ್ಟ್ ಹೊರಗೆ ಎಳೆಯಲೇಬೇಕೆ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಎಳೆಯುವ ಮೊದಲು ಕೈಯಲ್ಲೇ ಸಾಕಷ್ಟು ತಿಳಿಯುತ್ತದೆ. ಬ್ಯಾಟರಿ ಸ್ವಿಚ್ ಆಫ್ ಮಾಡಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಫ್ಯಾನ್ ಹಿಡಿದು ಮೇಲಕ್ಕೂ ಕೆಳಕ್ಕೂ, ಎಡಕ್ಕೂ ಬಲಕ್ಕೂ ಒತ್ತಿ ನೋಡಿ. ಶಾಫ್ಟ್ ಹೊರಬರುವಲ್ಲಿನ ರಬ್ಬರ್ ಬುಷ್ (ಶಾಫ್ಟನ್ನು ಹಿಡಿದಿಡುವ ಕೊಳವೆ) ಒಳಗೆ ಸ್ವಲ್ಪ ಆಟ ಇರಲೇಬೇಕು, ಇಲ್ಲದಿದ್ದರೆ ನೀರು ಹರಿಯುವುದಿಲ್ಲ. ಆದರೆ 25 ಮಿ.ಮೀ. ಶಾಫ್ಟ್ ಒಂದೂವರೆ ಮಿ.ಮೀ.ನಷ್ಟು ಅಲ್ಲಾಡಿದರೆ ಬುಷ್ ಮುಗಿಯಿತೆಂದೇ ಲೆಕ್ಕ. ಟಾರ್ಚ್ ಹಾಕಿ ರಬ್ಬರ್ ಎಲ್ಲಿ ಸವೆದಿದೆ ನೋಡಿ. ಸುತ್ತಲೂ ಸಮನಾಗಿ ಸವೆದಿದ್ದರೆ ಅದು ವಯಸ್ಸು. ಹಿಂದಿನ ತುದಿಯಲ್ಲಿ ಒಂದು ಬದಿ, ಮುಂದಿನ ತುದಿಯಲ್ಲಿ ಎದುರು ಬದಿ ಸವೆದಿದ್ದರೆ ಶಾಫ್ಟ್ ಓರೆಯಾಗಿ ಕೂತಿದೆ ಎಂದರ್ಥ. ಹೊಸ ಬುಷ್ ಹಾಕಿದರೂ ಅದೇ ಗತಿ.

ಆಮೇಲೆ ಒಂದು ತಂತಿಯನ್ನು ಗಟ್ಟಿಯಾಗಿ ಕಟ್ಟಿ, ಅದರ ತುದಿ ಶಾಫ್ಟಿಗೆ ಕೂದಲೆಳೆಯಷ್ಟು ದೂರ ನಿಲ್ಲುವಂತೆ ಮಾಡಿ. ಶಾಫ್ಟನ್ನು ಮೆಲ್ಲಗೆ ತಿರುಗಿಸಿ. ರಬ್ಬರ್ ಒಣಗಿರುವುದರಿಂದ ಮೊದಲು ಬುಷ್ ಒಳಕ್ಕೆ ಸೋಪುನೀರು ಬಿಡಿ. ಸಂದು ಒಂದೆಡೆ ಕಿರಿದಾಗಿ ಇನ್ನೊಂದೆಡೆ ಅಗಲವಾದರೆ ಶಾಫ್ಟ್ ಬಾಗಿದೆ ಎಂಬ ಅನುಮಾನ ಬಲವಾಯಿತು. ಎಷ್ಟು ಬಾಗಿದೆ ಎನ್ನುವುದನ್ನು ಲೇತ್‌ನಲ್ಲಿ ಡಯಲ್ ಗೇಜ್ ಇಟ್ಟೇ ಅಳೆಯಬೇಕು.

ಇಷ್ಟರಲ್ಲಿ ದೋಷ ಸಿಕ್ಕರೂ ಸಿಗದಿದ್ದರೂ, ಶಾಫ್ಟ್ ಹೊರತೆಗೆದು ಕೆಲವು ವರ್ಷಗಳಾಗಿದ್ದರೆ ಈ ಮಳೆಗಾಲದಲ್ಲೇ ತೆಗೆಯಿರಿ. ಸ್ಟೇನ್‌ಲೆಸ್ ಶಾಫ್ಟ್ ತಿನ್ನಿಸಿಕೊಳ್ಳುವುದು ಕಣ್ಣಿಗೆ ಕಾಣುವ ಕಡೆಯಲ್ಲ. ಆ ಉಕ್ಕಿನ ಮೇಲೆ ತೆಳ್ಳನೆಯ ಪೊರೆಯೊಂದಿದೆ. ನೀರಿನಲ್ಲಿರುವ ಆಮ್ಲಜನಕದಿಂದ ಅದು ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ದೋಣಿಯೊಳಕ್ಕೆ ನೀರು ನುಗ್ಗದಂತೆ ಶಾಫ್ಟಿನ ಸುತ್ತ ತುಂಬುವ ಹಗ್ಗದ, ಅಂದರೆ ಗ್ಲ್ಯಾಂಡ್ ಪ್ಯಾಕಿಂಗಿನ ಅಡಿಯಲ್ಲಿ, ಬುಷ್ ಒಳಗೆ ಉಪ್ಪುನೀರು ಕದಲದೆ ನಿಂತರೆ ಆಮ್ಲಜನಕ ಮುಗಿಯುತ್ತದೆ, ಪೊರೆ ಹೋಗುತ್ತದೆ. ಹಾಯಿದೋಣಿಯ ಇಂಜಿನ್ ವಾರಗಟ್ಟಲೆ ಚಾಲೂ ಆಗದಿರುವುದರಿಂದ ಈ ಕಾಯಿಲೆ ಅದಕ್ಕೆ ಇನ್ನೂ ಹೆಚ್ಚು. ಆ ಎರಡು ಜಾಗಗಳನ್ನು ಒರೆಸಿ, ಉಗುರು ಆಡಿಸಿ. ಸೂಜಿ ಚುಚ್ಚಿದಂಥ ಗುಳಿಗಳು, ಸುತ್ತ ಚಹಾ ಕಲೆಯಂಥ ಕಂದು ಬಣ್ಣ ಕಂಡರೆ ಮೇಲಿನ ತೂತು ಸಣ್ಣದಾದರೂ ಒಳಗೆ ಅಗಲವಾಗಿರಬಹುದು. ಅಂಥ ಶಾಫ್ಟನ್ನು ಪಾಲಿಶ್ ಮಾಡಿ ಮತ್ತೆ ಹಾಕಬೇಡಿ. ಫ್ಯಾನ್ ಶಾಫ್ಟಿನ ಮೇಲೆ ಜಾರದಂತೆ ತಡೆಯುವ ಕೀ ಎಂಬ ಲೋಹದ ತುಂಡು ಕೂರುವ ತೋಡಿನ ಮೂಲೆಗಳಿಗೆ ಕೆಂಪು ಡೈ ಪೆನಿಟ್ರೆಂಟ್ ಸವರಿ ಬಿರುಕು ಹುಡುಕುವುದನ್ನೂ ಬಿಡಬೇಡಿ; ಶಾಫ್ಟ್ ತುಂಡಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಶಾಫ್ಟನ್ನು ಗೇರ್‌ಬಾಕ್ಸಿಗೆ ಸೇರಿಸುವ ಕಪ್ಲಿಂಗ್ ಬಿಡಿಸಲು ಸುತ್ತಿಗೆ ಬೇಡ, ಆ ಪೆಟ್ಟು ಗೇರ್‌ಬಾಕ್ಸ್ ಬೇರಿಂಗಿಗೆ ಹೋಗುತ್ತದೆ. ಸೆಟ್ ಸ್ಕ್ರೂ ತೆಗೆದು, ಎರಡು ಫ್ಲ್ಯಾಂಜುಗಳ (ಬೋಲ್ಟು ಹಾಕಿ ಜೋಡಿಸುವ ತಟ್ಟೆಗಳ) ನಡುವೆ ಶಾಫ್ಟಿಗಿಂತ ಸಣ್ಣ ವ್ಯಾಸದ ಸಾಕೆಟ್ ಒಂದನ್ನು ಶಾಫ್ಟ್ ತುದಿಗೆ ಆನಿಸಿ, ಉದ್ದದ ಬೋಲ್ಟುಗಳನ್ನು ಸಮನಾಗಿ ಬಿಗಿಯುತ್ತ ಬನ್ನಿ. ಕಪ್ಲಿಂಗ್ ತಾನಾಗಿ ಕಳಚಿ ಮುಂದೆ ಬರುತ್ತದೆ. ಹಿಂದೆ ಚುಕ್ಕಾಣಿ ಅಡ್ಡವಾದರೆ ಅದನ್ನು ಇಳಿಸಬೇಕಾದೀತು, ಮೊದಲೇ ಅಳತೆ ನೋಡಿಕೊಳ್ಳಿ.

ಹೊಸ ಬುಷ್ ಸಾಮಾನ್ಯವಾಗಿ ಶಾಫ್ಟ್ ವ್ಯಾಸದ ನಾಲ್ಕು ಪಟ್ಟು ಉದ್ದ, ಅಂದರೆ ನಿಮ್ಮದಕ್ಕೆ 100 ಮಿ.ಮೀ. ಒಳಗೆ ಗ್ರೀಸ್ ಹಚ್ಚಬೇಡಿ. ಫ್ಯಾನನ್ನು ಮೊದಲು ಕೀ ಇಲ್ಲದೆ ಟೇಪರ್ (ಶಾಫ್ಟಿನ ಕಿರಿದಾಗುತ್ತ ಹೋಗುವ ತುದಿ) ಮೇಲೆ ಕೂರಿಸಿ, ಎಲ್ಲಿಯವರೆಗೆ ಬಂತೆಂದು ಪೆನ್ಸಿಲ್ ಗುರುತು ಹಾಕಿ. ಕೀ ಹಾಕಿದ ಮೇಲೂ ಅದೇ ಗುರುತಿಗೆ ಬರಬೇಕು. ಬಾರದಿದ್ದರೆ ಫ್ಯಾನ್ ಕೂತಿರುವುದು ಕೀ ಮೇಲೆ, ಟೇಪರ್ ಮೇಲಲ್ಲ. ನಡುಕಕ್ಕೆ ಇದೂ ಒಂದು ಕಾರಣ. ಹಾಗಿದ್ದರೆ ಕೀಯ ಮೇಲ್ಮೈಯನ್ನು ಅರದಿಂದ ತುಸು ಉಜ್ಜಿ.

ಕೊನೆಯ ಕೆಲಸ ನೀರಿನಲ್ಲಿ. ದಡದ ಮೇಲೆ ಆಸರೆಗಳ ಮೇಲೆ ಕೂತ ದೋಣಿಯ ಆಕಾರ ಬೇರೆ, ತೇಲುವಾಗಿನ ಆಕಾರ ಬೇರೆ. ನೀರಿಗಿಳಿಸಿ ಒಂದು ದಿನ ಬಿಟ್ಟು ಕಪ್ಲಿಂಗ್ ಬೋಲ್ಟು ಸಡಿಲಿಸಿ, ಫ್ಲ್ಯಾಂಜುಗಳ ನಡುವೆ ಮೇಲೆ, ಕೆಳಗೆ, ಎರಡು ಬದಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. 100 ಮಿ.ಮೀ. ಫ್ಲ್ಯಾಂಜಿಗೆ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಈಗ ಶಾಫ್ಟಿನ ಫ್ಲ್ಯಾಂಜನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಅಗಲದ ಸಂದು ಇದ್ದಲ್ಲೇ ಇದ್ದರೆ ಇಂಜಿನ್ ಮೌಂಟ್ (ಇಂಜಿನ್ ಕೂತಿರುವ ಕಾಲುಗಳು) ಸರಿಪಡಿಸಿ. ಸಂದು ಫ್ಲ್ಯಾಂಜಿನ ಜೊತೆಗೇ ತಿರುಗಿದರೆ ತಪ್ಪು ಕಪ್ಲಿಂಗಿನದೋ ಬಾಗಿದ ಶಾಫ್ಟಿನದೋ. ಮೌಂಟ್ ಎಷ್ಟು ತಿರುಗಿಸಿದರೂ ನಡುಕ ಹೋಗದು.

ಪ್ರಶ್ನೆ: ನಮ್ಮದು ಮರದ ಟ್ರಾಲ್ ಬೋಟು, ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧಕ್ಕೆ ಮೇಲಿದೆ. ಗ್ಲ್ಯಾಂಡ್‌ನಿಂದ ನೀರು ಸುರಿಯುತ್ತದೆ, ಬಿಗಿದರೆ ಕಾಯುತ್ತದೆ. ಪ್ರತಿ ವರ್ಷ ಒಂದು ಸುತ್ತು ಪ್ಯಾಕಿಂಗ್ ಸೇರಿಸುತ್ತಲೇ ಇದ್ದೇವೆ.
– ಓದುಗರು, ತದಡಿ

ಉತ್ತರ: ಸೇರಿಸುವುದರಲ್ಲೇ ತೊಂದರೆ ಇದೆ. ಒಳಗಿನ ಹಳೆಯ ಸುತ್ತುಗಳು ಕಲ್ಲಿನಂತೆ ಗಟ್ಟಿಯಾಗಿ ಶಾಫ್ಟನ್ನೇ ಕೊರೆಯುತ್ತವೆ. ಕೊಕ್ಕೆ ಹಾಕಿ ಕೊನೆಯ ಚೂರಿನವರೆಗೂ ತೆಗೆಯಿರಿ. ಪ್ಯಾಕಿಂಗ್ ಕೂರುವ ಪೆಟ್ಟಿಗೆಯ ಒಳವ್ಯಾಸದಲ್ಲಿ ಶಾಫ್ಟ್ ವ್ಯಾಸ ಕಳೆದು ಅರ್ಧ ಮಾಡಿದರೆ ಪ್ಯಾಕಿಂಗ್ ದಪ್ಪ: 70ರಲ್ಲಿ 50 ಹೋದರೆ 20, ಅಂದರೆ 10 ಮಿ.ಮೀ. ಹಗ್ಗವನ್ನು ಸುರುಳಿಯಾಗಿ ತುರುಕಬೇಡಿ. ಶಾಫ್ಟಿಗೆ ಸುತ್ತಿ, ಓರೆಯಾಗಿ ಕೊಯ್ದು, ಬಿಡಿ ಉಂಗುರಗಳಾಗಿ ಹಾಕಿ. ಕೂಡುವ ಜಾಗ ಒಂದರ ಹಿಂದೆ ಒಂದು ಬಾರದಂತೆ ಮೂರನೇ ಒಂದು ಸುತ್ತು ಸರಿಸಿ. ಗ್ರಾಫೈಟ್ ಪ್ಯಾಕಿಂಗ್ ಬೇಡ, ಉಪ್ಪುನೀರಲ್ಲಿ ಅದು ಸ್ಟೀಲನ್ನು ತಿನ್ನುತ್ತದೆ.

ಮೇಲಿದ್ದಾಗ ಕೈಬಿಗಿ ಸಾಕು. ನೀರಿಗಿಳಿಸಿ ಓಡಿಸುತ್ತ ಎರಡೂ ನಟ್ಟುಗಳನ್ನು ಒಂದೇ ಅಳತೆಯಲ್ಲಿ ಇಷ್ಟಿಷ್ಟೇ ಬಿಗಿಯಿರಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಲಿ, ಅದೇ ಅದಕ್ಕೆ ತಂಪು. ಗ್ಲ್ಯಾಂಡ್ ಮುಟ್ಟಿದರೆ ಬೆಚ್ಚಗಿರಬಹುದು, ಕೈ ಸುಡಬಾರದು. ಹೊಸ ಪ್ಯಾಕಿಂಗಿಗೂ ನಿಲ್ಲದಿದ್ದರೆ ಶಾಫ್ಟಿನಲ್ಲಿ ಗೆರೆ ಕೊರೆದಿದೆ. ಮರದ ಬೋಟಾದ್ದರಿಂದ ಒಣಗಿದ ಹಲಗೆ ಉಬ್ಬಲು ಕೆಲವು ದಿನ ಬೇಕು, ಕಪ್ಲಿಂಗ್ ಅಳತೆ ಅದಾದ ಮೇಲೆ.

ಪ್ರಶ್ನೆ: ಶಾಫ್ಟಿನ ಸತುವಿನ ಬಳೆ ಹೊಸದರಂತೆಯೇ ಇದೆ, ಫ್ಯಾನ್ ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿದೆ. ದೋಣಿ ಹೆಚ್ಚು ಕಾಲ ಕಾಳಿ ನದಿಯೊಳಗೇ ಇತ್ತು.
– ಓದುಗರು, ಸದಾಶಿವಗಡ

ಉತ್ತರ: ಆ ಬಳೆ ಇರುವುದೇ ಶಾಫ್ಟು, ಫ್ಯಾನುಗಳ ಬದಲು ತಾನು ಕರಗಲು. ಸತು ಕರಗದಿದ್ದರೆ ಅದು ಕೆಲಸ ಮಾಡಿಲ್ಲ. ನದಿಯ ಸಿಹಿನೀರಿನಲ್ಲಿ ಅದರ ಮೇಲೆ ಬಿಳಿ ಗಟ್ಟಿ ಪದರ ಬಂದು ಮತ್ತೆ ಉಪ್ಪುನೀರು ಸಿಕ್ಕರೂ ಸುಮ್ಮನಿರುತ್ತದೆ. ಅಳಿವೆಯ ಮಿಶ್ರ ನೀರಿಗೆ ಅಲ್ಯುಮಿನಿಯಂ ಬಳೆ ಒಳ್ಳೆಯದು. ಹಾಕುವ ಮೊದಲು ಶಾಫ್ಟನ್ನು ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಹಾಕಿದ ಮೇಲೆ ಮಲ್ಟಿಮೀಟರಿನಲ್ಲಿ ಬಳೆಗೂ ಶಾಫ್ಟಿಗೂ ನಡುವೆ ಒಂದು ಓಮ್‌ಗಿಂತ ಕಡಿಮೆ ಇದೆಯೇ ನೋಡಿ. ಬುಷ್ ಬಾಯಿಗೆ ಅಂಟಿಸಿ ಹಾಕಿದರೆ ನೀರಿನ ದಾರಿ ಮುಚ್ಚುತ್ತದೆ, ಒಂದಿಂಚಾದರೂ ಬಿಡಿ. ಅರ್ಧ ಕರಗಿದಾಗ ಬದಲಿಸಿ, ಬಣ್ಣ ಬಳಿಯಲೇಬೇಡಿ.

ಗುಲಾಬಿ ಎಂದರೆ ಫ್ಯಾನಿನ ಲೋಹದೊಳಗಿನ ಸತು ಹೋಗಿ ತಾಮ್ರವಷ್ಟೇ ಉಳಿದಿದೆ. ಎಲೆಯ ಅಂಚನ್ನು ಚಾಕುವಿನಿಂದ ಕೆರೆಯಿರಿ. ಕೆಳಗೆ ಹಳದಿ ಕಂಡರೆ ಇನ್ನೂ ನಡೆಯುತ್ತದೆ. ಕೆರೆದಷ್ಟೂ ಗುಲಾಬಿಯೇ ಬಂದು, ತಟ್ಟಿದರೆ ಗಂಟೆಯ ನಾದದ ಬದಲು ಮಡಕೆ ಒಡೆದಂಥ ಸದ್ದು ಬಂದರೆ ವೆಲ್ಡಿಂಗಿಗೆ ದುಡ್ಡು ಹಾಕದೆ ಹೊಸ ಫ್ಯಾನ್ ತನ್ನಿ.