ಬದಲಿ ಸಾಫ್ಟ್ ಟಾಪ್: ಬಟ್ಟೆಗೂ ಮೊದಲು ನೋಡಬೇಕಾದದ್ದು

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಗಾಡಿ 2005ರ ಟಿಜೆ ತಲೆಮಾರಿನ ಜೀಪ್ ರ‍್ಯಾಂಗ್ಲರ್, ಬೇರೆಯವರಿಂದ ಕೊಂಡದ್ದು. ಅದಕ್ಕಿರುವುದು ಸಾಫ್ಟ್ ಟಾಪ್, ಅಂದರೆ ಫ್ರೇಮ್‌ನ ಮೇಲೆ ಹೊದಿಸುವ ಬಟ್ಟೆಯ ಛಾವಣಿ. ಅರ್ಧ ಬಾಗಿಲುಗಳಿವೆ. ಹಿಂಬದಿ ಕಿಟಕಿಯ ಜಿಪ್ ಹಲ್ಲು ಕಚ್ಚುತ್ತಿಲ್ಲ, ಪಾರದರ್ಶಕ ಹಾಳೆಗಳು ಹಳದಿಗಟ್ಟಿ ಬಿರುಸಾಗಿವೆ, ಗಾಡಿ ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ. ಮೇಲಿನ ಹೊದಿಕೆಯನ್ನಷ್ಟೇ ಬದಲಿಸಿದರೆ ಸಾಕೇ ಅಥವಾ ಫ್ರೇಮ್ ಸಮೇತ ಪೂರ್ತಿ ಕಿಟ್ ಬೇಕೇ, ಬಟ್ಟೆಯಲ್ಲಿ ವಿನೈಲ್ ಒಳ್ಳೆಯದೇ ಅಥವಾ ಟ್ವಿಲ್ ಒಳ್ಳೆಯದೇ ಎಂಬುದು ನಿಮ್ಮ ಗೊಂದಲ. ಈವರೆಗೆ ಉತ್ತರಿಸಿದವರೆಲ್ಲ ಬಟ್ಟೆಯಿಂದಲೇ ಮಾತು ಆರಂಭಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬಟ್ಟೆಯ ವಿಚಾರ ಆಮೇಲೆ ಬರಬೇಕಾದದ್ದು. ಏಕೆಂದರೆ ಸಾಫ್ಟ್ ಟಾಪ್‌ನಲ್ಲಿ ಬಟ್ಟೆ ಸೋಲುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ. ಜಿಪ್, ಹೊಲಿಗೆಯ ದಾರ ಮತ್ತು ಕಿಟಕಿಯ ಹಾಳೆ ಅದಕ್ಕೂ ಮೊದಲೇ ಕೈಕೊಡುತ್ತವೆ, ಮತ್ತು ಇವೆಲ್ಲ ಎಷ್ಟು ಬೇಗ ಕೈಕೊಡುತ್ತವೆ ಎಂಬುದನ್ನು ಬಹುಮಟ್ಟಿಗೆ ಕೆಳಗಿನ ಫ್ರೇಮ್ ನಿರ್ಧರಿಸುತ್ತದೆ.

ಆದ್ದರಿಂದ ಮೊದಲು ಹಳೆಯ ಹೊದಿಕೆಯನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟು, ಬರಿಯ ಫ್ರೇಮನ್ನು ಎತ್ತಿ ನಿಲ್ಲಿಸಿ ನೋಡಿ. ಹಿಂದಿನಿಂದ ನೋಡಿದಾಗ ಅಡ್ಡ ಕಮಾನುಗಳು ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು. ಒಂದು ಮೂಲೆ ತಗ್ಗಿದ್ದರೆ ಕೊಳವೆ ಬಾಗಿದೆ ಅಥವಾ ತಿರುಗುವ ಜಾಗದ ಬುಷ್ ಸವೆದಿದೆ ಎಂದರ್ಥ. ಕಮಾನುಗಳ ನಡುವಿನ ಅಂತರವನ್ನು ಹಿಡಿದಿಡುವ ನೇಯ್ದ ಪಟ್ಟಿಗಳನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅವು ವರ್ಷಗಳ ಎಳೆತಕ್ಕೆ ಉದ್ದವಾಗಿಬಿಟ್ಟಿದ್ದರೆ ಕಮಾನು ತನ್ನ ಜಾಗದಲ್ಲಿ ನಿಲ್ಲದೆ ಸರಿಯುತ್ತದೆ, ಆಗ ಎಷ್ಟೇ ಒಳ್ಳೆಯ ಹೊಸ ಹೊದಿಕೆ ಹಾಕಿದರೂ ಒಂದು ಕಡೆ ಜೋಲುಬಿದ್ದು ಮತ್ತೊಂದು ಕಡೆ ಜಿಪ್‌ನ ಮೇಲೆ ಎಳೆತ ಬೀಳುತ್ತದೆ. ನಿಮ್ಮ ಹಿಂಬದಿ ಜಿಪ್ ಹಾಳಾದದ್ದಕ್ಕೆ ಇದೇ ಕಾರಣವಿರಬಹುದು. ವಿಂಡ್‌ಶೀಲ್ಡ್ ಮೇಲಿನ ಅಂಚಿಗೆ ಕೂರುವ ಅಡ್ಡಪಟ್ಟಿಯ ಸೀಲ್ ಒತ್ತಿ ನೋಡಿ; ಬೆರಳು ತೆಗೆದ ಮೇಲೆ ಅದು ಮತ್ತೆ ಉಬ್ಬದಿದ್ದರೆ ಮಳೆನೀರು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಎರಡೂ ಲ್ಯಾಚ್‌ಗಳ ಕೊಕ್ಕೆ, ಬಾಡಿಯ ಅಂಚಿನುದ್ದಕ್ಕೂ ಹೊದಿಕೆಯನ್ನು ಸಿಕ್ಕಿಸುವ ಪಟ್ಟಿ, ಟೇಲ್‌ಗೇಟ್ (ಹಿಂಬಾಗಿಲು) ಮೇಲೆ ಹಿಂಬದಿ ಕಿಟಕಿಯ ಬುಡವನ್ನು ಹಿಡಿಯುವ ಸರಳು ಮತ್ತು ಅದರ ಎರಡು ಬ್ರಾಕೆಟ್‌ಗಳು, ಬಾಗಿಲ ಸುತ್ತಿನ ಚೌಕಟ್ಟುಗಳು, ಇವಿಷ್ಟನ್ನೂ ಕೈಯಿಂದ ಅಲ್ಲಾಡಿಸಿ ನೋಡಬೇಕು. ಗಾಡಿ ಮಗುಚಿದರೆ ಕಾಯುವ ಕೊಳವೆ, ಅಂದರೆ ರೋಲ್ ಬಾರ್‌ನ ಮೆತ್ತೆ ಹರಿದು ಕಬ್ಬಿಣ ಹೊರಗೆ ಕಾಣುತ್ತಿದ್ದರೆ ಅದನ್ನು ಈಗಲೇ ಮುಚ್ಚಿ. ಗಾಳಿಗೆ ಬಡಿಯುವ ಹೊದಿಕೆ ಉಜ್ಜಿ ತೂತಾಗುವುದು ಇಂಥ ಜಾಗಗಳಲ್ಲೇ.

ಗಾಡಿ ಬೇರೆಯವರ ಕೈಯಿಂದ ಬಂದದ್ದಾದ್ದರಿಂದ ಫ್ರೇಮ್ ಯಾರದು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಕಾರ್ಖಾನೆಯಿಂದ ಬಂದ ಫ್ರೇಮ್‌ಗೆಂದು ಹೊಲಿದ ಹೊದಿಕೆ, ಹಿಂದಿನ ಮಾಲೀಕರು ನಂತರ ಹಾಕಿಸಿದ ಬೇರೆ ಮಾದರಿಯ ಫ್ರೇಮ್‌ಗೆ ಕೂರುವುದಿಲ್ಲ; ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಇದೇ ಕಥೆ. ಸಾಫ್ಟ್ ಟಾಪ್ ತಯಾರಕ ಬೆಸ್ಟಾಪ್‌ನ ರಿಪ್ಲೇಸ್-ಎ-ಟಾಪ್ ಎಂಬುದು ಮೂಲ ಫ್ರೇಮ್‌ನ ಮೇಲೆ ಹಾಕುವ ಬರಿಯ ಹೊದಿಕೆ, ಅದೇ ಕಂಪನಿಯ ಸೂಪರ್‌ಟಾಪ್ ಎಂಬುದು ಫ್ರೇಮ್ ಸಮೇತ ಬರುವ ಕಿಟ್. ಎರಡರ ಹೊದಿಕೆಗಳನ್ನು ಅದಲುಬದಲು ಮಾಡಲಾಗದು. ಇಸವಿಯ ವಿಚಾರದಲ್ಲೂ ಎಚ್ಚರ ಬೇಕು. ಟಿಜೆ ತಯಾರಾದದ್ದು 1997ರಿಂದ 2006ರ ಮಾದರಿಗಳವರೆಗೆ. ಆದರೆ ಬದಲಿ ಹೊದಿಕೆಗಳು 1997–2002ಕ್ಕೆ ಒಂದು ಸಂಖ್ಯೆಯಲ್ಲಿ, 2003–2006ಕ್ಕೆ ಇನ್ನೊಂದು ಸಂಖ್ಯೆಯಲ್ಲಿ ಬರುತ್ತವೆ. 2004ರಿಂದ 2006ರವರೆಗೆ ಬಂದ ಉದ್ದನೆಯ ಅನ್‌ಲಿಮಿಟೆಡ್ ಮಾದರಿಯ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 10 ಇಂಚು ಹೆಚ್ಚು, ಅದರ ಟಾಪ್ ಪೂರ್ತಿ ಬೇರೆ. ನಿಮ್ಮದು 2005ರದಾದ್ದರಿಂದ ಗಿಡ್ಡದೋ ಉದ್ದದೋ ಎಂಬುದನ್ನು ಮಾರುವವರಿಗೆ ಹೇಳಲೇಬೇಕು. ಇದನ್ನು ಓದುತ್ತಿರುವ ಜೆಕೆ (ಟಿಜೆಯ ನಂತರದ ತಲೆಮಾರಿನ ರ‍್ಯಾಂಗ್ಲರ್) ಮಾಲೀಕರಿಗೂ ಒಂದು ಮಾತು: 2007–2009 ಮತ್ತು 2010–2018ರ ಟಾಪ್‌ಗಳು ಒಂದೇ ಅಲ್ಲ, ಎರಡು ಬಾಗಿಲಿನದು ಮತ್ತು ನಾಲ್ಕು ಬಾಗಿಲಿನದು ಹೇಗೂ ಬೇರೆ.

ಫ್ರೇಮ್ ನೇರವಾಗಿದ್ದು, ಮೂಲದ್ದೇ ಆಗಿದ್ದು, ತುಂಡುಗಳೆಲ್ಲ ಇದ್ದರೆ ಹೊದಿಕೆಯನ್ನಷ್ಟೇ ಕೊಳ್ಳಿ. ಅದಕ್ಕಿಂತ ಹೆಚ್ಚು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಪಟ್ಟಿ, ಸೀಲ್, ಬ್ರಾಕೆಟ್‌ನಂಥವು ಬಿಡಿಯಾಗಿ ಸಿಗುತ್ತವೆ, ಒಂದೆರಡನ್ನು ಹೊಸದಾಗಿ ಹಾಕಿದರೆ ಸಾಕು. ಆದರೆ ಕಮಾನು ಬಾಗಿದೆ, ಬಾಗಿಲ ಸುತ್ತಿನ ಚೌಕಟ್ಟು ಒಂದು ಬದಿಯಲ್ಲಿ ಇಲ್ಲವೇ ಇಲ್ಲ, ಟೇಲ್‌ಗೇಟ್ ಸರಳೂ ಕಾಣೆಯಾಗಿದೆ ಎಂಬ ಸ್ಥಿತಿಯಿದ್ದರೆ, ಒಂದೊಂದೇ ತುಂಡನ್ನು ಹುಡುಕಿ ಜೋಡಿಸುವ ಹೊತ್ತಿಗೆ ಪೂರ್ತಿ ಕಿಟ್‌ನ ಬೆಲೆಯ ಹತ್ತಿರಕ್ಕೆ ಬಂದಿರುತ್ತೀರಿ, ಮತ್ತು ಕೊನೆಗೂ ಸವೆದ ಭಾಗಗಳ ಮೇಲೆ ಹೊಸ ಬಟ್ಟೆ ಹಾಸಿದಂತಾಗುತ್ತದೆ. ಅಂಥಲ್ಲಿ ನಾನು ಕಿಟ್ಟನ್ನೇ ಸೂಚಿಸುತ್ತೇನೆ.

ಅರ್ಧ ಬಾಗಿಲುಗಳಿಗೆ ಸಂಬಂಧಿಸಿದ ಒಂದು ವಿಚಾರವನ್ನು ಹಣ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ಬಾಗಿಲುಗಳ ಮೇಲರ್ಧವೂ ಬಟ್ಟೆ ಮತ್ತು ಪಾರದರ್ಶಕ ಹಾಳೆಯದೇ. ಕೆಲವು ಹೊದಿಕೆಗಳ ಜೊತೆ ಆ ಮೇಲರ್ಧದ ಬಟ್ಟೆಯೂ ಬರುತ್ತದೆ, ಕೆಲವುಗಳ ಜೊತೆ ಬರುವುದಿಲ್ಲ. ಗಾಜಿನ ಕಿಟಕಿಯಿರುವ ಪೂರ್ಣ ಬಾಗಿಲಿನವರಿಗೆ ಅದರ ಅಗತ್ಯವೇ ಇಲ್ಲದ್ದರಿಂದ ವಿವರಣೆಯನ್ನು ಸರಿಯಾಗಿ ಓದದಿದ್ದರೆ ತಪ್ಪು ಪೆಟ್ಟಿಗೆ ಮನೆಗೆ ಬರುತ್ತದೆ. ಬಟ್ಟೆ ಬಂದರೂ ಅದನ್ನು ತೊಡಿಸಲು ನಿಮ್ಮ ಹಳೆಯ ಲೋಹದ ಚೌಕಟ್ಟು ತುಕ್ಕು ಹಿಡಿಯದೆ ಉಳಿದಿರಬೇಕು. ಮೇಲರ್ಧವನ್ನು ಹಳೆಯದನ್ನೇ ಇಟ್ಟುಕೊಂಡು ಮಿಕ್ಕದ್ದನ್ನು ಮಾತ್ರ ಬದಲಿಸಿದರೆ ಬಣ್ಣ ಹೊಂದುವುದಿಲ್ಲ ಎಂಬುದು ಸಣ್ಣ ವಿಷಯ. ಕುಗ್ಗಿದ ಹಳೆಯ ಬಾಗಿಲು ಬಟ್ಟೆ ಹೊಸ ಟಾಪ್‌ನ ಸೀಲ್‌ಗೆ ಸರಿಯಾಗಿ ಒತ್ತಿಕೊಳ್ಳದೆ ಗಾಳಿ ಶಿಳ್ಳೆ ಹಾಕುವುದು ದೊಡ್ಡ ವಿಷಯ.

ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂಬದಿ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್ ನೋಡಲು ಚೆನ್ನ, ಆದರೆ ಹಿಂದೆ ಸಾಮಾನು ಜೋಡಿಸುವ ಎತ್ತರ ಕಡಿಮೆಯಾಗುತ್ತದೆ. ಮುಂದಿನ ಸೀಟುಗಳ ಮೇಲಿನ ಭಾಗವನ್ನಷ್ಟೇ ಹಿಂದಕ್ಕೆ ಮಡಚಬಲ್ಲ ಸೌಲಭ್ಯ ಸಿಗುವುದಾದರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು; ಪೂರ್ತಿ ಟಾಪ್ ಇಳಿಸುವುದಕ್ಕಿಂತ ಜನ ಹೆಚ್ಚು ಬಳಸುವುದು ಅದನ್ನೇ.

ಈಗ ಬಟ್ಟೆಯ ವಿಚಾರ. ವಿನೈಲ್ ಎಂದರೆ ನೇಯ್ದ ಬಟ್ಟೆಯ ಮೇಲೆ ಪಿವಿಸಿ ಲೇಪನ. ನೀರು ದಾಟುವುದಿಲ್ಲ, ಕೆಸರು ಮೆತ್ತಿದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಬೆಲೆಯೂ ಕಡಿಮೆ. ಆದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಗುಣ ಅದಕ್ಕಿದೆ, ಮತ್ತು ಪಿವಿಸಿಯನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ಬಿಸಿಲಿಗೆ ನಿಧಾನವಾಗಿ ಹೊರಟುಹೋದ ಹಾಗೆ ಅದು ಬಿರುಸಾಗಿ, ಮಡಿಕೆ ಬೀಳುವ ಜಾಗದಲ್ಲಿ ಸೀಳುತ್ತದೆ. ಟ್ವಿಲ್ ಮೂರು ಪದರದ್ದು: ಹೊರಗೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ನೇಯ್ಗೆ, ನಡುವೆ ರಬ್ಬರ್, ಒಳಗೆ ಇನ್ನೊಂದು ಬಟ್ಟೆ. ಕನ್ವರ್ಟಿಬಲ್ ಕಾರುಗಳ ಛಾವಣಿಗೆ ಬಳಸುವುದು ಇದೇ ಬಗೆಯದು. ನಡುವಿನ ರಬ್ಬರ್ ನೀರನ್ನು ತಡೆಯುವುದರ ಜೊತೆಗೆ ಶಬ್ದವನ್ನೂ ಸ್ವಲ್ಪ ನುಂಗುತ್ತದೆ. ಬಟ್ಟೆಯ ಅಳತೆ ಬಿಸಿಲು ಚಳಿಗೆ ಅಷ್ಟಾಗಿ ಬದಲಾಗುವುದಿಲ್ಲ. ಬಣ್ಣವೂ ಹೆಚ್ಚು ಕಾಲ ನಿಲ್ಲುತ್ತದೆ. ತೊಂದರೆಯೆಂದರೆ ನೇಯ್ಗೆಯ ಸಂದಿನಲ್ಲಿ ಧೂಳು ಕೂರುತ್ತದೆ, ಕೆಸರನ್ನು ಮೆದು ಬ್ರಷ್‌ನಿಂದ ತೊಳೆಯಬೇಕಾಗುತ್ತದೆ, ನೀರು ಜಾರಿಸುವ ಲೇಪನವನ್ನು ಆಗಾಗ ಹೊಸದಾಗಿ ಸಿಂಪಡಿಸಬೇಕಾಗುತ್ತದೆ. ಒಂದು ಎಚ್ಚರಿಕೆ: ಮಾರಾಟದ ಪಟ್ಟಿಯಲ್ಲಿ 'ಡೆನಿಮ್' ಎಂದಿದ್ದರೆ ಅದು ಜೀನ್ಸ್ ಬಟ್ಟೆಯಲ್ಲ, ಡೆನಿಮ್‌ನಂತೆ ಕಾಣುವ ಮೇಲ್ಮೈಯ ವಿನೈಲ್, ಟ್ವಿಲ್ ಎಂದು ಭಾವಿಸಿ ಕೊಳ್ಳಬೇಡಿ. ವರ್ಷವಿಡೀ ಬಯಲಲ್ಲಿ ನಿಲ್ಲುವ, ಹೆದ್ದಾರಿಯಲ್ಲೂ ಓಡುವ ನಿಮ್ಮ ಗಾಡಿಗೆ ಟ್ವಿಲ್ ಸೂಕ್ತ ಎಂಬುದು ನನ್ನ ಮತ. ಅದೇ ಗಾಡಿ ವಾರಾಂತ್ಯಕ್ಕೆ ಮಾತ್ರ ಕೆಸರಿಗಿಳಿದು ಮಿಕ್ಕ ದಿನ ಶೆಡ್‌ನಲ್ಲಿರುವುದಾಗಿದ್ದರೆ ವಿನೈಲ್ ಎಂದೇ ಹೇಳುತ್ತಿದ್ದೆ.

ಎರಡರಲ್ಲಿ ಯಾವುದನ್ನೇ ಆರಿಸಿದರೂ ದಾರದ ಬಗ್ಗೆ ಕೇಳಿ. ನಿಮ್ಮ ಹಳೆಯ ಟಾಪ್‌ನ ಮೇಲ್ಭಾಗದಲ್ಲಿ, ಸದಾ ಬಿಸಿಲು ಬೀಳುವ ಕಡೆ, ಹೊಲಿಗೆಯ ಸಾಲನ್ನು ಉಗುರಿನಿಂದ ಅಡ್ಡಡ್ಡ ಕೆರೆದು ನೋಡಿ. ಬಟ್ಟೆ ಗಟ್ಟಿಯಾಗಿದ್ದರೂ ದಾರ ನಾರುನಾರಾಗಿ ಎದ್ದು ಪುಡಿಯಾಗುವುದನ್ನು ಕಾಣುತ್ತೀರಿ. ಅದೇ ಹೊಲಿಗೆಯ ಒಳಬದಿಯ ದಾರ ಹೊಸದರಂತೆಯೇ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಮಾಡುವ ಕೆಲಸವಿದು. ನೈಲಾನ್ ದಾರ ಇದಕ್ಕೆ ಬೇಗ ಬಲಿಯಾಗುತ್ತದೆ. ಬಿಸಿಲು ತಾಳುವಂತೆ ಸಂಸ್ಕರಿಸಿದ ಪಾಲಿಯೆಸ್ಟರ್ ದಾರ ಅದಕ್ಕಿಂತ ಉತ್ತಮ. ಪಿಟಿಎಫ್ಇ (ಟೆಫ್ಲಾನ್) ದಾರ ಬಿಸಿಲಿಗೆ ಹೆಚ್ಚುಕಡಿಮೆ ಜಗ್ಗುವುದೇ ಇಲ್ಲ, ಆದರೆ ದುಬಾರಿ. ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ನೀರು ಇಳಿಯಬಲ್ಲ ದಾರಿಯೇ ಆದ್ದರಿಂದ, ಹೊಲಿಗೆಯ ಸಾಲನ್ನು ಮೇಲಿನ ಪದರ ಮಡಚಿ ಮುಚ್ಚಿದೆಯೇ ಅಥವಾ ಶಾಖದಿಂದ ಬೆಸೆದು ಸೀಲ್ ಮಾಡಿದೆಯೇ ಎಂಬುದನ್ನು ಚಿತ್ರ ಹಿಗ್ಗಿಸಿ ನೋಡಬೇಕು. ಜಿಪ್ ದಪ್ಪ ಹಲ್ಲಿನ ಪ್ಲಾಸ್ಟಿಕ್‌ನದಾಗಿರಲಿ. ಲೋಹದ ಹಲ್ಲಿಗೆ ತುಕ್ಕು ಬರುತ್ತದೆ, ಸಣ್ಣ ಹಲ್ಲಿನೊಳಗೆ ಮರಳು ಸಿಕ್ಕಿದರೆ ಎಳೆದಷ್ಟೂ ಸವೆಯುತ್ತದೆ. ಜಿಪ್‌ನ ಮೇಲೆ ನೀರು ಬೀಳದಂತೆ ಬಟ್ಟೆಯ ಅಗಲ ಪಟ್ಟಿ ಮುಚ್ಚಿರುವುದೂ ಅಷ್ಟೇ ಮುಖ್ಯ.

ಕಿಟಕಿಯ ಹಾಳೆಯ ದಪ್ಪವನ್ನು 'ಮಿಲ್' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. 30 ಮಿಲ್ ಸುಮಾರು ಮುಕ್ಕಾಲು ಮಿಲಿಮೀಟರ್, 40 ಮಿಲ್ ಸರಿಸುಮಾರು ಒಂದು ಮಿಲಿಮೀಟರ್. ತೆಳ್ಳಗಿದ್ದಷ್ಟೂ ಬೆಲೆ ಇಳಿಯುತ್ತದೆ, ಅಲೆಅಲೆಯಾಗಿ ಕಾಣುವುದು ಹೆಚ್ಚುತ್ತದೆ. ಎರಡೂ ಬದಿ ಒತ್ತಿ ಪಾಲಿಶ್ ಮಾಡಿದ ಹಾಳೆಯ ಮೂಲಕ ಹಿಂದಿನ ಗಾಡಿಯ ದೀಪ ರಾತ್ರಿಯಲ್ಲಿ ಸೀಳಿದಂತೆ ಕಾಣುವುದಿಲ್ಲ. ಕಪ್ಪು ಛಾಯೆಯ ಹಾಳೆ ಬೇಕೆನಿಸಿದರೆ ಛಾಯೆ ಹಾಳೆಯೊಳಗೇ ಇರುವುದನ್ನು ಕೊಳ್ಳಿ. ಗಾಜಿಗೆ ಅಂಟಿಸುವ ಫಿಲ್ಮನ್ನು ಮೆದು ಪಿವಿಸಿಗೆ ಅಂಟಿಸಿದರೆ ನಿಲ್ಲುವುದಿಲ್ಲ. ನಿಮ್ಮಲ್ಲಿನ ನಿಯಮ ಎಷ್ಟು ಛಾಯೆಯನ್ನು ಒಪ್ಪುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಹಿಂಬದಿ ಕಿಟಕಿಗೆ ನಾನು ಪಾರದರ್ಶಕವನ್ನೇ ಆರಿಸುತ್ತೇನೆ, ಮಳೆಯ ರಾತ್ರಿಯಲ್ಲಿ ರಿವರ್ಸ್ ತೆಗೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಹಾಕುವ ದಿನ ಬೆಚ್ಚಗಿರಬೇಕು, ಕನಿಷ್ಠ 20 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಚಳಿಯಲ್ಲಿ ಬಟ್ಟೆ ಕುಗ್ಗಿರುತ್ತದೆ, ಕಿಟಕಿಯ ಹಾಳೆ ಬಗ್ಗಿಸಿದರೆ ಸೀಳಲೂಬಹುದು. ಹೊಸ ಟಾಪನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹರವಿ ಮೆತ್ತಗಾಗಲು ಬಿಡಿ. ಬಾಗಿಲ ಸುತ್ತಿನ ಚೌಕಟ್ಟುಗಳನ್ನು ಮೊದಲು ಬಾಗಿಲು ಹಾಕಿ ಸೀಲ್‌ಗೆ ಒತ್ತುವಂತೆ ಹೊಂದಿಸಿ ಬಿಗಿಗೊಳಿಸಿ. ಹೊದಿಕೆ ಎಳೆದ ಮೇಲೆ ಅವನ್ನು ಸರಿಪಡಿಸುವುದು ಕಷ್ಟ. ಮುಂದಿನ ಲ್ಯಾಚ್‌ಗಳನ್ನು ಬಿಚ್ಚಿಟ್ಟು, ಎಳೆತವಿಲ್ಲದ ಸ್ಥಿತಿಯಲ್ಲೇ ಎಲ್ಲ ಜಿಪ್‌ಗಳನ್ನೂ ಮುಚ್ಚಿ, ಅಂಚಿನ ಪಟ್ಟಿಗಳನ್ನು ಸಿಕ್ಕಿಸಿ, ಲ್ಯಾಚನ್ನು ಎಲ್ಲಕ್ಕೂ ಕೊನೆಗೆ ಹಾಕಬೇಕು. ಹೊಸದು ಅಳತೆಗಿಂತ ಚಿಕ್ಕದಾಗಿದೆಯೇನೋ ಅನ್ನಿಸುವಷ್ಟು ಬಿಗಿಯಿರುತ್ತದೆ. ಇನ್ನೊಬ್ಬರ ಕೈ ಜೊತೆಗಿದ್ದರೆ ಲ್ಯಾಚ್ ಕೂರುತ್ತದೆ, ಕೂರದಿದ್ದರೆ ಬಲ ಹಾಕದೆ ಇನ್ನಷ್ಟು ಬಿಸಿಲು ಕಾಯಿಸಿ. ಹಾಕಿದ ಮೇಲೆ ಒಂದೆರಡು ವಾರ ಇಳಿಸದೆ ಹಾಗೆಯೇ ಬಿಟ್ಟರೆ ಬಟ್ಟೆ ಫ್ರೇಮ್‌ಗೆ ಒಗ್ಗಿಕೊಳ್ಳುತ್ತದೆ.

ಆರೈಕೆಯಲ್ಲಿ ಮಾಡಬಾರದವೇ ಹೆಚ್ಚು. ಕಿಟಕಿಯ ಹಾಳೆಯನ್ನು ಒಣಗಿದ್ದಾಗ ಒರೆಸಬೇಡಿ, ಮೊದಲು ನೀರು ಸುರಿದು ಧೂಳು ತೆಗೆಯಿರಿ. ಗಾಜು ತೊಳೆಯುವ ಅಮೋನಿಯಾ ದ್ರವವನ್ನೂ ಪೆಟ್ರೋಲಿಯಂ ಆಧಾರಿತ ಸ್ಪ್ರೇಗಳನ್ನೂ ಹತ್ತಿರ ತರಬೇಡಿ; ಸೌಮ್ಯ ಸೋಪಿನ ನೀರು ಸಾಕು. ಜಿಪ್‌ಗೆ ಸಿಲಿಕೋನ್ ಅಥವಾ ಮೇಣ ಹಚ್ಚಬಹುದು. ಒದ್ದೆಯಿದ್ದಾಗ ಮಡಚಿಟ್ಟರೆ ಬೂಸಲು ಹಿಡಿಯುತ್ತದೆ. ಗಾಡಿಯೊಳಗೆ ಬೆಲೆಬಾಳುವುದನ್ನು ಬಿಡಲೂಬೇಡಿ, ಟಾಪ್‌ನ ಭರವಸೆಯ ಮೇಲೆ ಬಾಗಿಲಿಗೆ ಬೀಗ ಹಾಕಲೂಬೇಡಿ. ಕಳ್ಳನಿಗೆ ಬ್ಲೇಡ್ ಒಂದಿದ್ದರೆ ಬೀಗದಿಂದ ಉಳಿಯುವುದು ಏನೂ ಇಲ್ಲ, ಹೋಗುವುದು ಹೊಸ ಕಿಟಕಿ.

ಹಳೆಯ ಹೊದಿಕೆಯನ್ನು ಹೊಸದು ಪೂರ್ತಿ ಕೂರುವವರೆಗೆ ಎಸೆಯಬೇಡಿ. ಅಂಚಿನೊಳಗೆ ಹೊಲಿದಿರುವ ಪ್ಲಾಸ್ಟಿಕ್ ಪಟ್ಟಿ, ಕ್ಲಿಪ್, ಸ್ಕ್ರೂಗಳು ಎಲ್ಲೆಲ್ಲಿ ಕೂರುತ್ತಿದ್ದವು ಎಂಬುದನ್ನು ತೋರಿಸುವ ನಕ್ಷೆ ಅದೇ, ಮತ್ತು ಹೊಸ ಪೆಟ್ಟಿಗೆಯಲ್ಲಿ ಒಂದು ತುಂಡು ಕಡಿಮೆ ಬಂದರೆ ಅದರಿಂದಲೇ ಬಿಚ್ಚಿಕೊಳ್ಳಬಹುದು. ಹೊದಿಕೆ ಬಿಚ್ಚಿದ ಮೇಲೆ ಕಮಾನುಗಳು, ಪಟ್ಟಿಗಳು ಮತ್ತು ಬಾಗಿಲ ಸುತ್ತಿನ ಚೌಕಟ್ಟುಗಳ ಚಿತ್ರಗಳನ್ನು ಇಲ್ಲಿ ಹಾಕಿ. ಹೊದಿಕೆಯೊಂದೇ ಸಾಕೇ ಎಂಬುದನ್ನು ಅವನ್ನು ನೋಡಿ ಹೇಳಬಹುದು.