ಮೂಡಿಗೆರೆ ಮಳೆಗೆ ಬರ್ನೀಸ್ ಮರಿ

ಪ್ರಶ್ನೆ: ನಾಲ್ಕು ತಿಂಗಳ ಬರ್ನೀಸ್ ಮೌಂಟೇನ್ ಗಂಡುಮರಿ ಇದೆ. ಮಳೆ ಹಿಡಿದಾಗಿನಿಂದ ಒಂದೇ ಸಮನೆ ಕೆರೆದುಕೊಳ್ಳುತ್ತಿದೆ. ಕೂದಲು ಬೋಳಿಸಲೇ? ಮೂಳೆಗೆ ಕ್ಯಾಲ್ಸಿಯಂ ಹಾಕಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಬೋಳಿಸಬೇಡಿ, ಬುಡದವರೆಗೆ ಒಣಗಿಸಿ. ಸ್ವಿಟ್ಜರ್ಲೆಂಡಿನ ಬರ್ನ್ ಸೀಮೆಯಲ್ಲಿ ಹಾಲಿನ ಗಾಡಿ ಎಳೆಯುತ್ತಿದ್ದ ಈ ತಳಿಗೆ ಎರಡು ಪದರದ ಕೂದಲು. ಮೇಲೆ ಒಣಗಿದಂತೆ ಕಂಡರೂ ಒಳಪದರ ಗಂಟೆಗಟ್ಟಲೆ ಒದ್ದೆಯಾಗೇ ಇರುತ್ತದೆ. ಕಿವಿಯ ಹಿಂದೆ, ತೊಡೆಸಂದಿಯಲ್ಲಿ ಕೂದಲು ಬಿಡಿಸಿ ನೋಡಿ. ಚರ್ಮ ಕೆಂಪಾಗಿ ಜಿನುಗುತ್ತಿದ್ದರೆ ಕೆರೆತದ ಮೂಲ ಅದೇ. ತೋಟದಿಂದ ಬಂದ ಕೂಡಲೇ ಟವೆಲ್‌ನಿಂದ ಒತ್ತಿ ಒರೆಸಿ, ತಣ್ಣನೆ ಗಾಳಿಯ ಡ್ರೈಯರ್ ಹಿಡಿದು ಬುಡದವರೆಗೆ ಬಾಚಿ. ಹಸಿ ಹುಣ್ಣಾಗಿದ್ದರೆ ಆ ಜಾಗದ ಕೂದಲಷ್ಟೇ ಕತ್ತರಿಸಿ ವೈದ್ಯರಿಗೆ ತೋರಿಸಿ.

ಬಾಚುವಾಗಲೇ ಬೆರಳ ಸಂದು, ಕಿವಿಯೊಳಗೆ ಉಣ್ಣೆಹುಳ ಹುಡುಕಿ. ಜ್ವರ, ಬಿಳಿಚಿದ ಒಸಡು, ಡಿಕಾಕ್ಷನ್ ಬಣ್ಣದ ಮೂತ್ರ ಕಂಡರೆ ಉಣ್ಣೆಹುಳ ಕಚ್ಚಿ ಹರಡುವ ರಕ್ತದ ಸೋಂಕು ಬೆಬೀಸಿಯಾ ಇರಬಹುದು. ಅಂದೇ ರಕ್ತ ಪರೀಕ್ಷೆ ಮಾಡಿಸಿ.

ಕ್ಯಾಲ್ಸಿಯಂ ಖಂಡಿತ ಬೇಡ. ಆರು ತಿಂಗಳೊಳಗಿನ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಮೂಳೆ ವಕ್ರವಾಗಿ ಬೆಳೆಯುತ್ತದೆ. 'ದೊಡ್ಡ ತಳಿ ಮರಿ' ಎಂದಿರುವ ಆಹಾರವನ್ನೇ ದಿನಕ್ಕೆ ಮೂರು ಸಲ ಅಳೆದು ಹಾಕಿ. ಪಕ್ಕೆಲುಬು ಕೈಗೆ ಸಿಗಬೇಕು, ಗುಂಡಗಿದ್ದರೆ ಚಂದ ಅನ್ನುವುದು ನಮ್ಮ ಕಣ್ಣಿಗಷ್ಟೇ! ಬೆಳೆದರೆ 50 ಕಿಲೋ ಮುಟ್ಟಬಹುದಾದ ನಾಯಿ. ಸೊಂಟದ ಕೀಲು ಮೊದಲೇ ದುರ್ಬಲ. ಒಂದೂವರೆ ವರ್ಷದವರೆಗೆ ಮೆಟ್ಟಿಲೋಟ, ಜೀಪಿನಿಂದ ಜಿಗಿತ ತಪ್ಪಿಸಿ.

ಕೊಯ್ಲಿನಲ್ಲಿ ಕಣದ ಹತ್ತಿರ ಬಿಡಬೇಡಿ. ಕಾಫಿ ಬೀಜ ನುಂಗಿದರೆ ಕೆಫೀನ್ ವಿಷ.